ಕೆಂಪನ್ನು ತಗ್ಗಿಸಿದರೆ ಹಕ್ಕಿ ಕಾಣುತ್ತದೆ

ಓದುಗರ ಪ್ರಶ್ನೆ: ಹಕ್ಕಿ ಮತ್ತು ಕ್ಯಾಮೆರಾ

ಕಳೆದ ಸಂಚಿಕೆಯಲ್ಲಿ ಹುಲ್ಲುಗಾವಲಿನ ಪುಟ್ಟ ಹಕ್ಕಿ ಕೆಂಪು ರಾಟವಾಳದ ಚಿತ್ರ ಅಚ್ಚಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಂಪು ಹಕ್ಕಿಗಳನ್ನೇ ಕುರಿತು ಇವೆ. ಅದಕ್ಕಾಗಿ ಗೂಬೆ, ಮಿಂಚುಳ್ಳಿಗಳ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಈ ಸಲ ಪೂರ್ತಿ ಕೆಂಪಿಗೇ ಜಾಗ ಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಗದಗಿನವನು, ಪುಣೆಯ ಪ್ರೆಸ್ಸುಗಳಲ್ಲಿ ಕಲರ್ ಸೆಪರೇಷನ್ (ಚಿತ್ರದ ಬಣ್ಣಗಳನ್ನು ಅಚ್ಚಿನ ಶಾಯಿಗಳಿಗೆ ಬೇರ್ಪಡಿಸುವ) ಕೆಲಸ ಮಾಡಿ ನಿವೃತ್ತನಾದವನು. ಕೆಂಪಿನ ಜತೆ ನನ್ನ ಒಡನಾಟ ಹಕ್ಕಿಗಿಂತ ಮೊದಲು ಶಾಯಿಯಿಂದ ಶುರುವಾಯಿತು. ಉತ್ತರಗಳಲ್ಲಿ ಪ್ರೆಸ್ಸಿನ ಮಾತು ಬಂದರೆ ಕಾರಣ ಅದು.

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಕವಡಿಪಾಟ್‌ಗೆ ಹೋಗಿದ್ದೆ. 150–600 ಲೆನ್ಸ್ ಇದೆ. ಗಂಡು ಕೆಂಪು ರಾಟವಾಳ ಹತ್ತಿರವೇ ಹುಲ್ಲಿನ ಮೇಲೆ ಕೂತಿತ್ತು, ಬೆಳಿಗ್ಗೆ ಹತ್ತರ ಬಿಸಿಲು ಚೆನ್ನಾಗಿತ್ತು. ಮನೆಗೆ ಬಂದು ನೋಡಿದರೆ ಎದೆಯ ಮೇಲೆ ಒಂದು ಗರಿಯೂ ಕಾಣುವುದಿಲ್ಲ, ಕುಂಕುಮ ಮೆತ್ತಿದ ಹಾಗಿದೆ. ಫೋಕಸ್ ಸರಿ ಇದೆ, ಕಣ್ಣು ಚೂಪಾಗಿದೆ. ದೊಡ್ಡ ಕ್ಯಾಮೆರಾ ಕೊಳ್ಳಬೇಕೇ?
— ಓದುಗರು, ಹಡಪಸರ, ಪುಣೆ

ಉತ್ತರ: ಬೇಡಿ, ಇರುವ ಕ್ಯಾಮೆರಾ ಸಾಕು. ನಿಮ್ಮ ಚಿತ್ರ ಕೆಟ್ಟದ್ದು ಬೆಳಕು ಸಾಲದೆ ಅಲ್ಲ, ಕೆಂಪು ಹೆಚ್ಚಾಗಿ.

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲಿನ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರು ಬೆಳಕನ್ನು ಹಿಡಿಯುತ್ತವೆ, ಒಂದು ನೀಲಿಯನ್ನು, ಒಂದೇ ಒಂದು ಕೆಂಪನ್ನು. ರಾಟವಾಳದ ಎದೆಯಿಂದ ಬರುವ ಬೆಳಕಿನ ಬಹುಪಾಲು ಆ ಒಂದರ ಪಾಲಿಗೇ ಬೀಳುತ್ತದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನೋಡುವುದು ಇಡೀ ದೃಶ್ಯವನ್ನು: ಹಸಿರು ಹುಲ್ಲು, ನೆರಳಿನಲ್ಲಿರುವ ಹೊಳೆ, ದಂಡೆಯ ಕಪ್ಪು ಮಣ್ಣು. ಅವುಗಳ ಲೆಕ್ಕಕ್ಕೆ ಎಕ್ಸ್‌ಪೋಷರ್ (ಒಳಗೆ ಬಿಟ್ಟ ಬೆಳಕು) ಸರಿಯಾಗಿಯೇ ಬಂದಿರುತ್ತದೆ. ಅಷ್ಟು ಹೊತ್ತಿಗೆ ಕೆಂಪು ಮಾತ್ರ ತನ್ನ ಮಿತಿ ಮುಟ್ಟಿ ಅಲ್ಲೇ ನಿಂತುಬಿಟ್ಟಿರುತ್ತದೆ. ಈ ಗರಿಗೂ ಪಕ್ಕದ ಗರಿಗೂ ಇದ್ದ ವ್ಯತ್ಯಾಸ ದಾಖಲಾಗುವುದೇ ಇಲ್ಲ. ದಾಖಲಾಗದ್ದನ್ನು ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ತಂದುಕೊಡಲಾರದು.

ಪ್ರೆಸ್ಸಿನಲ್ಲೂ ಇದೇ ಕತೆ. ಅಚ್ಚಿನ ಕೆಂಪು ಎಂದರೆ ಹಳದಿ ಮತ್ತು ಮಜೆಂಟಾ (ಗುಲಾಬಿ ಕೆಂಪು) ಶಾಯಿ ಒಂದರ ಮೇಲೊಂದು. ಎರಡೂ ನೂರಕ್ಕೆ ನೂರು ಬಿದ್ದರೆ ಕಾಗದ ಗಾಢ ಕೆಂಪಾಗುತ್ತದೆ ನಿಜ, ಆದರೆ ಅಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಇಳಕಲ್ ಸೀರೆಯ ಕೆಂಪು ಸೆರಗಿನ ಮಡಿಕೆ ಅಚ್ಚಿನಲ್ಲಿ ಕಾಣಬೇಕಾದರೆ ಸಯಾನ್ (ಹಸಿರುನೀಲಿ) ಶಾಯಿಯ ಪ್ಲೇಟಿನಲ್ಲಿ ಸಣ್ಣ ಚುಕ್ಕೆಗಳು ಬರಲೇಬೇಕು. ಕೆಂಪಿಗೆ ತೀರ ವಿರುದ್ಧವಾದ ಆ ಬಣ್ಣವೇ ಕೆಂಪಿಗೆ ಆಕಾರ ಕೊಡುವುದು. ಪ್ರೂಫ್ (ಪರೀಕ್ಷೆಯ ಅಚ್ಚು) ಮೇಲೆ ಲೂಪ್ (ಭೂತಗನ್ನಡಿ) ಇಟ್ಟಾಗ ಕೆಂಪು ಜಾಗದಲ್ಲಿ ನಾವು ಮೊದಲು ಹುಡುಕುತ್ತಿದ್ದದ್ದು ಸಯಾನ್ ಚುಕ್ಕೆಗಳನ್ನೇ. ಗಿರಾಕಿಗಳು ಇನ್ನೂ ಕೆಂಪು ಬೇಕು, ಇನ್ನೂ ಕೆಂಪು ಬೇಕು ಅನ್ನುತ್ತಿದ್ದರು. ಕೆಂಪು ಹೆಚ್ಚಿಸಿದಷ್ಟೂ ಬಟ್ಟೆ ಹೋಗಿ ಬರೀ ಬಣ್ಣ ಉಳಿಯುತ್ತಿತ್ತು.

ಈಗ ಹೊಳೆದಂಡೆಗೆ ಬರೋಣ. ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ. ಪಿಕ್ಚರ್ ಸ್ಟೈಲ್ ‘ವಿವಿಡ್’ ಇದ್ದರೆ ‘ನ್ಯೂಟ್ರಲ್’ಗೆ ಇಳಿಸಿ. ರಾ ತೆಗೆಯುವವರಿಗೆ ಅದರಿಂದೇನು ಎಂದು ಕೇಳಬೇಡಿ, ಕ್ಯಾಮೆರಾದ ಹಿಂಬದಿ ತೋರಿಸುವ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಕ್ಯಾಮೆರಾ ತಿದ್ದಿದ ಜೆಪೆಗ್ ಚಿತ್ರದಿಂದ ಹುಟ್ಟಿದ್ದು. ಸ್ಟೈಲ್ ಸುಳ್ಳು ಹೇಳಿದರೆ ಹಿಸ್ಟೋಗ್ರಾಂ ಕೂಡ ಸುಳ್ಳು ಹೇಳುತ್ತದೆ. ಬಿಳಿ ಬಣ್ಣದ ಒಂದೇ ಹಿಸ್ಟೋಗ್ರಾಂ ನೋಡದೆ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಕಾಣುವುದನ್ನು ತೆರೆದಿಡಿ. ಕೆಂಪಿನ ಗುಡ್ಡ ಬಲಗಡೆಯ ಗೋಡೆಗೆ ಅಂಟಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕನ್ನು ಏರಿಳಿಸುವ ಹೊಂದಾಣಿಕೆ) ಅನ್ನು ಮೈನಸ್ 0.7ಕ್ಕೆ ತನ್ನಿ, ಸಾಲದಿದ್ದರೆ ಮೈನಸ್ 1ಕ್ಕೆ. ಹುಲ್ಲು ಕತ್ತಲಾಗಿ ಕಾಣಬಹುದು, ಕಾಣಲಿ, ಅದನ್ನು ಮನೆಯಲ್ಲಿ ಎತ್ತಬಹುದು. ರಾಟವಾಳದ ಪಕ್ಕೆಯ ಮೇಲಿನ ಬಿಳಿ ಚುಕ್ಕೆಗಳೂ ಹೀಗೆ ಉಳಿಯುತ್ತವೆ. ಆ ಚುಕ್ಕೆಗಳು ಒಂದೊಂದೂ ದುಂಡಗೆ ಕಂಡರೆ ಎಕ್ಸ್‌ಪೋಷರ್ ಸರಿ ಬಂದಿದೆ ಎಂದೇ ತಿಳಿಯಿರಿ.

ಹತ್ತು ಗಂಟೆಯ ಬಿಸಿಲನ್ನು ನೀವು ಚೆನ್ನಾಗಿತ್ತು ಎಂದಿದ್ದೀರಿ. ಕಣ್ಣಿಗೆ ಹೌದು, ಕೆಂಪು ಹಕ್ಕಿಯ ಚಿತ್ರಕ್ಕೆ ಅಲ್ಲ. ಸೆಪ್ಟೆಂಬರ್‌ನ ಪುಣೆಯಲ್ಲಿ ತೆಳು ಮೋಡಕ್ಕೆ ಬರವಿಲ್ಲ. ಮೋಡ ಕವಿದ ಬೆಳಗಿನಲ್ಲಿ ಗರಿಯ ಅಂಚು, ಬೆನ್ನಿನ ಕಂದು, ಹೊಟ್ಟೆಯ ಕಪ್ಪು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕಾಣುತ್ತವೆ. ಹಕ್ಕಿ ಹತ್ತು ಸೆಂಟಿಮೀಟರಿನದು, ಚಂಚಲ, ಹಾಗಾಗಿ ಶಟರ್ 1/1000ಕ್ಕಿಂತ ಕೆಳಗಿಳಿಸಬೇಡಿ, ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಏರಿದರೆ ಹೆದರಬೇಡಿ. ನಿಂತು ತೆಗೆದರೆ ಹಿನ್ನೆಲೆಗೆ ಮಣ್ಣು ಬರುತ್ತದೆ. ನೆಲಕ್ಕೆ ಕೂತು ಲೆನ್ಸನ್ನು ಹುಲ್ಲಿನ ತೆನೆಯ ಮಟ್ಟಕ್ಕೆ ತಂದರೆ ದೂರದ ಹಸಿರು ಬರುತ್ತದೆ.

ಮನೆಗೆ ಬಂದ ಮೇಲೆ ಸ್ಯಾಚುರೇಷನ್ ಕಡ್ಡಿಯನ್ನು ಬಲಕ್ಕೆ ಎಳೆಯುವ ಆಸೆಯಾಗುತ್ತದೆ. ನನ್ನ ಮಾತು ಕೇಳಿ, ಕೆಂಪೊಂದನ್ನೇ ಆರಿಸಿ ಅದರ ಸ್ಯಾಚುರೇಷನ್ ಸ್ವಲ್ಪ ಇಳಿಸಿ, ಲ್ಯೂಮಿನನ್ಸ್ (ಆ ಬಣ್ಣದ ಹೊಳಪು) ಇನ್ನೂ ಸ್ವಲ್ಪ ಇಳಿಸಿ. ಗರಿಗಳು ಹೊರಗೆ ಬರುತ್ತವೆ, ಕೆಂಪಿಗೂ ಆಳ ಬರುತ್ತದೆ.

ಇನ್ನೊಂದು ಬೇಡಿಕೆ. ಮುಂದಿನ ಸಲ ಹೋದಾಗ ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ. ರಾಟವಾಳ ಹುಲ್ಲಿನ ಕಡ್ಡಿ ಹಿಡಿದಾಗ ಅದು ಎಷ್ಟು ಬಾಗುತ್ತದೆ, ಹಕ್ಕಿ ಎಲ್ಲಿ ಕಾಲಿಟ್ಟು ತೆನೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹಾರುವಾಗ ಎಂಥ ಸಣ್ಣ ದನಿ ಮಾಡುತ್ತದೆ, ಜತೆಯ ಹೆಣ್ಣು ಎಷ್ಟು ದೂರದಲ್ಲಿದೆ, ಇಷ್ಟನ್ನು ನೋಡಿ. ಯಾವ ತೆನೆ ಹಾಲುಗಾಳಿನಲ್ಲಿದೆ ಎಂದು ಗೊತ್ತಾದರೆ ಹಕ್ಕಿ ಎಲ್ಲಿಗೆ ಬರುತ್ತದೆ ಎನ್ನುವುದೂ ಗೊತ್ತಾಗುತ್ತದೆ. ಹಕ್ಕಿಯ ಬೆನ್ನು ಹತ್ತಿ ಹುಲ್ಲು ತುಳಿಯುವ ಕೆಲಸ ತಪ್ಪುತ್ತದೆ. ಮುಳಾ-ಮುಠಾ ದಂಡೆಯಲ್ಲಿ ತುಳಿಯಲು ಹುಲ್ಲು ಈಗ ಹೆಚ್ಚು ಉಳಿದಿಲ್ಲ.

ಪ್ರಶ್ನೆ: ಮಾರ್ಚ್‌ನಲ್ಲಿ ಕಲ್ಯಾಣದ ಹೊರಗೆ ರಾಟವಾಳದ ಹಿಂಡು ನೋಡಿದೆವು. ಎಲ್ಲವೂ ಕಂದು. ಒಂದೂ ಕೆಂಪಿರಲಿಲ್ಲ. ಜತೆಗಿದ್ದವರು ಕೆಂಪು ರಾಟವಾಳವೇ ಎಂದರು. ಹೇಗೆ?
— ಓದುಗರು, ಡೊಂಬಿವಿಲಿ

ಉತ್ತರ: ಜತೆಗಿದ್ದವರು ಸರಿಯಾಗಿ ಹೇಳಿದ್ದಾರೆ ಅನ್ನಿಸುತ್ತದೆ. ಕೆಂಪು ರಾಟವಾಳದ ಗಂಡು ಕೆಂಪುಡುವುದು ಮರಿ ಮಾಡುವ ಕಾಲಕ್ಕೆ ಮಾತ್ರ, ಅಂದರೆ ನಮ್ಮ ಕಡೆ ಮಳೆಗಾಲದಿಂದ ಚಳಿಗಾಲದ ಆರಂಭದವರೆಗೆ. ಹುಲ್ಲು ಕಾಳುಗಟ್ಟುವ ಕಾಲ ಅದು. ಆಮೇಲೆ ಗರಿ ಉದುರಿ ಹೆಣ್ಣಿನ ಹಾಗೆ ಕಂದಾಗುತ್ತದೆ. ಆಗ ಗುರುತಿಗೆ ಬಾಲದ ಬುಡ ನೋಡಿ. ಗಂಡಾಗಲಿ ಹೆಣ್ಣಾಗಲಿ, ಅಲ್ಲಿ ವರ್ಷವಿಡೀ ಕೆಂಪು ಇರುತ್ತದೆ. ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳೂ ಇರುತ್ತವೆ. ಕೊಕ್ಕು ಕೂಡ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ: ಏಪ್ರಿಲ್ ಹೊತ್ತಿಗೆ ಕಪ್ಪಾಗಿ, ಮೇ ತಿಂಗಳಿಂದ ಮತ್ತೆ ಕೆಂಪೇರತೊಡಗಿ, ನವೆಂಬರ್-ಡಿಸೆಂಬರ್‌ನಲ್ಲಿ ಅತಿ ಗಾಢವಾಗುತ್ತದೆ.

ಈ ಬಣ್ಣ ಬರುವ ಬಗೆ ನನಗೆ ಬಹಳ ಇಷ್ಟದ ವಿಷಯ. ಹಕ್ಕಿಗಳ ಕೆಂಪು ಬಹುಮಟ್ಟಿಗೆ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಪದಾರ್ಥಗಳಿಂದ ಬರುವಂಥದ್ದು. ಅವನ್ನು ಹಕ್ಕಿಯ ಮೈ ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಕಾಳಿನಲ್ಲಿ ಸಿಗುವುದು ಹಳದಿ ಜಾತಿಯದು. ಅನೇಕ ಹಕ್ಕಿಗಳು ಅದನ್ನು ಮೈಯೊಳಗೆ ಕೆಂಪಾಗಿ ಮಾರ್ಪಡಿಸಿಕೊಳ್ಳುತ್ತವೆ. ಹಾಗೆ ಮಾರ್ಪಡಿಸುವ ಕಿಣ್ವದ ಜೀನ್ ಯಾವುದು ಎಂಬುದು 2016ರಲ್ಲಿ ಕೆಂಪು ಕ್ಯಾನರಿ ಮತ್ತು ಜೀಬ್ರಾ ಫಿಂಚ್‌ಗಳ ಅಧ್ಯಯನದಿಂದ ತಿಳಿಯಿತು. ಮಜೆಂಟಾ ಡಬ್ಬಿಯೇ ಇಲ್ಲದೆ ಬರೀ ಹಳದಿಯಿಂದ ಕೆಂಪು ಮಾಡುವ ಪ್ರೆಸ್ಸನ್ನು ನಾನು ಕಂಡಿಲ್ಲ.

ಪ್ರಶ್ನೆ: ಮಗ ಅಮೆರಿಕದ ಓಹಾಯೊದಲ್ಲಿದ್ದಾನೆ. ಚಳಿಗಾಲದಲ್ಲಿ ಅವನ ಮನೆಗೆ ಹೋಗಿದ್ದಾಗ ಹಿತ್ತಲ ಹಿಮದ ಮೇಲೆ ಪೂರ್ತಿ ಕೆಂಪು ಹಕ್ಕಿಯೊಂದು ದಿನಾ ಬರುತ್ತಿತ್ತು. ತಲೆ ಮೇಲೆ ಜುಟ್ಟು, ಮುಖದ ಸುತ್ತ ಕಪ್ಪು. ನಮ್ಮ ಸೊಸೆ ಕಾರ್ಡಿನಲ್ ಎಂದಳು. ಈ ಡಿಸೆಂಬರ್‌ನಲ್ಲಿ ಮತ್ತೆ ಹೋಗುತ್ತೇವೆ. ಒಂದು ಒಳ್ಳೆಯ ಫೋಟೊ ತೆಗೆದು ಇಲ್ಲಿನ ಮನೆಯ ಗೋಡೆಗೆ ಹಾಕಬೇಕೆಂಬ ಆಸೆ. ನನಗೆ ಅರವತ್ತೆಂಟು, ಸಣ್ಣ ಜೂಮ್ ಕ್ಯಾಮೆರಾ ಇದೆ.
— ಓದುಗರು, ಔಂಧ್, ಪುಣೆ

ಉತ್ತರ: ಅಕ್ಕಾವ್ರೇ, ನಿಮ್ಮ ಕ್ಯಾಮೆರಾದಲ್ಲೇ ಆಗುತ್ತದೆ. ಇಷ್ಟು ಒಳ್ಳೆಯ ಕೆಂಪು ಹಕ್ಕಿ ಕಿಟಕಿಯ ಹೊರಗೇ ಬರುವ ಭಾಗ್ಯ ನಮಗೆ ಇಲ್ಲಿ ಇಲ್ಲ.

ಅದು ನಾರ್ದರ್ನ್ ಕಾರ್ಡಿನಲ್. ಓಹಾಯೊ ಸೇರಿ ಅಮೆರಿಕದ ಏಳು ರಾಜ್ಯಗಳು ಅದನ್ನು ರಾಜ್ಯಪಕ್ಷಿ ಮಾಡಿಕೊಂಡಿವೆ. ಚಳಿಗೆ ವಲಸೆ ಹೋಗುವುದಿಲ್ಲ, ನಮ್ಮ ರಾಟವಾಳದ ಹಾಗೆ ಕಾಲಕ್ಕೊಂದು ಬಣ್ಣವೂ ಇಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ವರ್ಷಕ್ಕೊಮ್ಮೆ ಗರಿ ಬದಲಿಸಿ ಮತ್ತೆ ಕೆಂಪೇ ಆಗುತ್ತದೆ. ಅದಕ್ಕೇ ನೀವು ಹಿಮದ ಮೇಲೆ ಕೆಂಪು ನೋಡಿದ್ದು. ಈ ಸಲ ಹೆಣ್ಣನ್ನೂ ಹುಡುಕಿ. ಮಾಸಲು ಕಂದು ಮೈ, ಜುಟ್ಟಿಗೂ ರೆಕ್ಕೆಗೂ ಬಾಲಕ್ಕೂ ತುಸುವೇ ಕೆಂಪು, ಕೊಕ್ಕು ಕೇಸರಿ ಕೆಂಪು. ಗಂಡಿನ ಹಾಗೆ ಹೆಣ್ಣೂ ಹಾಡುತ್ತದೆ. ವಸಂತದವರೆಗೆ ಇದ್ದರೆ ಗಂಡು ಕಾಳು ಒಡೆದು ಹೆಣ್ಣಿನ ಕೊಕ್ಕಿಗೆ ಇಡುವುದನ್ನೂ ನೋಡಬಹುದು. ನನ್ನನ್ನು ಕೇಳಿದರೆ ಗೋಡೆಗೆ ಹಾಕಬೇಕಾದ ಚಿತ್ರ ಅದು.

ಹಿಮದಲ್ಲಿ ಮೀಟರ್ ಉಲ್ಟಾ ಹೊಡೆಯುತ್ತದೆ. ಬಿಳಿ ಹೆಚ್ಚಿರುವುದರಿಂದ ಕ್ಯಾಮೆರಾ ಎಲ್ಲವನ್ನೂ ಕತ್ತಲು ಮಾಡಿ ಹಿಮವನ್ನು ಬೂದಿ ಬಣ್ಣಕ್ಕೆ ತರುತ್ತದೆ. ಪ್ಲಸ್ 0.7ರಷ್ಟು ಏರಿಸಿ, ತೆಗೆದು ನೋಡಿ. ಹಿಮ ಪೂರ್ತಿ ಬಿಳಿ ಬರಲೇಬೇಕೆಂದು ಇನ್ನೂ ಏರಿಸಿದರೆ ಕೆಂಪು ಹೋಗುತ್ತದೆ. ಹಿಮ ಒಂದು ಕೂದಲು ಬೂದಾಗಿದ್ದರೂ ಪರವಾಗಿಲ್ಲ. ಕಿಟಕಿಯ ಗಾಜಿಗೆ ಲೆನ್ಸ್ ಒತ್ತಿ ಹಿಡಿಯಿರಿ, ಕೋಣೆಯ ದೀಪ ಆರಿಸಿ. ಸೂರ್ಯಕಾಂತಿ ಬೀಜ ಅದಕ್ಕೆ ಬಲು ಇಷ್ಟ. ಮಗನ ಮನೆಯಲ್ಲಿ ಕಾಳಿನ ತಟ್ಟೆ ಇದ್ದರೆ ಅದರಿಂದ ನಾಲ್ಕಡಿ ದೂರದಲ್ಲಿ ಒಂದು ಒಣ ಕೊಂಬೆ ನೆಡಿಸಿ. ಹಕ್ಕಿ ತಟ್ಟೆಗೆ ಇಳಿಯುವ ಮೊದಲು ಅಲ್ಲಿ ಕೂರುತ್ತದೆ.

ಗೋಡೆಯ ಪ್ರಿಂಟಿಗೆ ಲ್ಯಾಬಿನವರಿಗೆ ಫೈಲ್ ಕೊಡುವಾಗ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾದರಿಯಲ್ಲಿ ಕೊಡಿ, ಗ್ಲಾಸಿ ಬೇಡ, ಮ್ಯಾಟ್ ಕೇಳಿ. ದೊಡ್ಡದು ಮಾಡಿಸುವ ಮೊದಲು ಸಣ್ಣ ಪ್ರಿಂಟ್ ಒಂದನ್ನು ತೆಗೆಸಿ ಹಗಲಿನ ಬೆಳಕಿಗೆ ಹಿಡಿದು ನೋಡಿ. ಪರದೆಯ ಮೇಲೆ ಉರಿಯುವ ಕೆಂಪುಗಳೆಲ್ಲ ಕಾಗದಕ್ಕೆ ಇಳಿಯುವುದಿಲ್ಲ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಒಂದು ಜೋಡಿ ಲಾಲ್ ಮುನಿಯಾ ಕೊಡಿಸಬೇಕೆಂದಿದ್ದೇನೆ. ಮಾರುಕಟ್ಟೆಯಲ್ಲಿ ಒಬ್ಬ ಸಿಗುತ್ತದೆ ಎಂದ. ಮನೆಯಲ್ಲೇ ಇದ್ದರೆ ಫೋಟೊ ತೆಗೆಯುವುದೂ ಸುಲಭವಲ್ಲವೇ?
— ಓದುಗರು, ಠಾಣೆ

ಉತ್ತರ: ದಯವಿಟ್ಟು ಕೊಳ್ಳಬೇಡಿ. ನಿಮ್ಮ ಲಾಲ್ ಮುನಿಯಾ ಎಂದರೆ ನಾವು ಇಷ್ಟು ಹೊತ್ತು ಮಾತಾಡಿದ ಕೆಂಪು ರಾಟವಾಳವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇದೆ. ಹಿಡಿಯುವುದು, ಮಾರುವುದು, ಕೊಳ್ಳುವುದು ಎಲ್ಲವೂ ಅಪರಾಧ. ಆದರೆ ಕಾನೂನಿಗೆ ಹೆದರಿ ಮಾತ್ರ ಬಿಡಿ ಎಂದು ನಾನು ಹೇಳುತ್ತಿಲ್ಲ. ಆ ಜೋಡಿ ಯಾವುದೋ ಹುಲ್ಲುಗಾವಲಿನಲ್ಲಿ ಬಲೆಗೆ ಬಿದ್ದದ್ದು. ದಾರಿಯಲ್ಲಿ ಸತ್ತವು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನೀವು ಕೊಡುವ ದುಡ್ಡು ಮುಂದಿನ ಬಲೆಗೆ ಹೋಗುತ್ತದೆ. ಬೇರೆ ರಾಟವಾಳಗಳಿಗೆ ಬಣ್ಣ ಬಳಿದು ವಿದೇಶಿ ಹಕ್ಕಿ ಎಂದು ಮಾರುವುದೂ ನಡೆದಿದೆ.

ಫೋಟೊದ ಮಾತು ಕೇಳಿದಿರಿ. ಬೇಕಾದ ಆಹಾರವಿಲ್ಲದೆ ಪಂಜರದಲ್ಲಿ ಗರಿ ಬದಲಿಸಿದ ಹಕ್ಕಿಯ ಕೆಂಪು ಮಂಕಾಗುತ್ತದೆ. ನಿಮಗೆ ಬೇಕಾದ ಬಣ್ಣ ಇರುವುದು ಹುಲ್ಲಿನಲ್ಲಿ. ಮೇಲಿನ ಅಕ್ಕಾವ್ರು ಕೇಳಿದ ಕಾರ್ಡಿನಲ್ ಕೂಡ ಒಂದು ಕಾಲಕ್ಕೆ ಬಣ್ಣಕ್ಕೂ ಹಾಡಿಗೂ ಪಂಜರ ಸೇರುತ್ತಿತ್ತು. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆ ಬಂದು ಅದು ನಿಂತಿತು. ಈಗ ಜನ ಕಿಟಕಿಯಿಂದ ನೋಡುತ್ತಾರೆ. ಮಾರುತ್ತಿರುವುದು ಕಂಡರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮಗಳಿಗೆ 8×42 ಬೈನಾಕ್ಯುಲರ್ ಕೊಡಿಸಿ, ಮಳೆ ನಿಂತ ಮೇಲೆ ಅವಳನ್ನು ಕರೆದುಕೊಂಡು ಹೊರಗೆ ಹೋಗಿ.

ಪ್ರಶ್ನೆ: ನ್ಯಾಷನಲ್ ಪಾರ್ಕಿನಲ್ಲಿ ಸಿಗುವ ಕೆಂಪು ಸೂರಕ್ಕಿ ಯಾವ ಹೂವಿಗೆ ಬರುತ್ತದೆ?
— ಓದುಗರು, ಬೊರಿವಿಲಿ

ಉತ್ತರ: ನೀವು ಹೇಳುವುದು ವಿಗರ್ಸ್ ಸೂರಕ್ಕಿ. ಪಶ್ಚಿಮ ಘಟ್ಟದ್ದೇ ಹಕ್ಕಿ, ಹೊರಗೆಲ್ಲೂ ಇಲ್ಲ. ದಖನ್ನಿನ ಪ್ರಾಣಿಪಕ್ಷಿಗಳನ್ನು ದಾಖಲಿಸಿದ ಕರ್ನಲ್ ಸೈಕ್ಸ್ 1832ರಲ್ಲಿ ಅದನ್ನು ವರ್ಣಿಸಿದ. ಸಂಜಯ ಗಾಂಧಿ ಉದ್ಯಾನ, ಪನವೇಲ್ ಹತ್ತಿರದ ಕರ್ನಾಳ, ನಮ್ಮ ಸಿಂಹಗಡದ ಕಣಿವೆ, ಎಲ್ಲ ಕಡೆ ಇದೆ. ಹೂವಿನಲ್ಲಿ ನಾನು ಮೊದಲು ನೋಡುವುದು ಮಾವಿನ ಮೇಲೆ ಬೆಳೆದ ಬಂದಳಿಕೆಯನ್ನು. ಆಮೇಲೆ ಬೂರುಗ, ಮುತ್ತುಗ, ಹಾಲವಾಣ. ಫೆಬ್ರುವರಿ-ಮಾರ್ಚ್ ಒಳ್ಳೆಯ ಕಾಲ.

ಮುತ್ತುಗದ ಮುಂದೆ ತೆಗೆಯುವಾಗ ಜಾಗ್ರತೆ, ಹಕ್ಕಿಯ ಕೆಂಪು ಹೂವಿನ ಕೇಸರಿಯಲ್ಲಿ ಕರಗಿಹೋಗುತ್ತದೆ. ಹಸಿರೆಲೆಯ ಬಂದಳಿಕೆಯೇ ಮೇಲು. ಗಂಡಿನ ಕೆಂಪು ಎದೆಯ ಮೇಲೆ ಹಳದಿಯ ಸಣ್ಣ ಗೀರುಗಳಿರುತ್ತವೆ. ಎಕ್ಸ್‌ಪೋಷರ್ ಹೆಚ್ಚಾದರೆ ಮೊದಲು ಹೋಗುವುದು ಅವೇ. ಅವು ಉಳಿದಿವೆಯೇ ಎಂದು ಸ್ಥಳದಲ್ಲೇ ಜೂಮ್ ಮಾಡಿ ನೋಡಿ.

ಪ್ರಶ್ನೆ: ಬೋಂಡ್ಲಾ, ಮೊಲೆಂ ಕಡೆ ಕೆಂಪು ಚಿತ್ರಪಕ್ಷಿಗಳನ್ನು ಬೆನ್ನತ್ತಿ ಸಾಕಾಗಿದೆ. ಯಾವಾಗಲೂ ಮರದ ತುದಿಯಲ್ಲೇ, ಹಿಂದೆ ಬಿಳಿ ಆಕಾಶ, ಹಕ್ಕಿ ಕರಿ ನೆರಳಾಗಿ ಬರುತ್ತದೆ. ಗೆಳೆಯರು ಮೊಬೈಲಿನಲ್ಲಿ ಕೂಗು ಹಾಕಿ ಕೆಳಗೆ ಕರೆಸು ಎನ್ನುತ್ತಾರೆ. ತಪ್ಪೇ?
— ಓದುಗರು, ಪೋಂಡಾ, ಗೋವಾ

ಉತ್ತರ: ತಪ್ಪು. ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ನುಗ್ಗಿದ್ದಾನೆಂದು ತಿಳಿದು ಬರುತ್ತದೆ. ತಿನ್ನುವುದನ್ನೂ ಗೂಡಿನ ಮರಿಯನ್ನೂ ಬಿಟ್ಟು ಬರುತ್ತದೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬಂದು ಅದೇ ಮರದ ಕೆಳಗೆ ಅದೇ ಕೂಗು ಹಾಕಿದರೆ ಅದರ ಇಡೀ ಬೆಳಗು ಇಲ್ಲದ ಶತ್ರುವನ್ನು ಹುಡುಕುವುದರಲ್ಲೇ ಕಳೆಯುತ್ತದೆ. ಹಾಗೆ ತೆಗೆದ ಚಿತ್ರ ಎಂದು ತಿಳಿದರೆ ಈ ಪುಟದಲ್ಲಿ ನಾನು ಹಾಕುವುದಿಲ್ಲ.

ನಿಮ್ಮ ಹಕ್ಕಿ ಕೆಳಗೆ ಬರದಿದ್ದರೆ ನೀವು ಮೇಲೆ ಹೋಗಿ. ಅನ್ಮೋಡ ಘಾಟ್, ಚೋರ್ಲಾ ಘಾಟ್ ರಸ್ತೆಗಳ ಒಂದು ಬದಿ ಕಣಿವೆ ಇಳಿಯುತ್ತದಲ್ಲ, ಅಲ್ಲಿ ಮರದ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ವಾಹನಗಳಿಂದ ದೂರ, ಸುರಕ್ಷಿತ ಜಾಗ ನೋಡಿ ನಿಲ್ಲಿ. ಹಿನ್ನೆಲೆಗೆ ಎದುರು ಗುಡ್ಡದ ಹಸಿರು ಸಿಗುತ್ತದೆ, ಆಕಾಶದ ಕಾಟವೇ ಇಲ್ಲ. ಚಳಿಗಾಲದಲ್ಲಿ ಈ ಹಕ್ಕಿಗಳು ಬೇರೆ ಬೇರೆ ಜಾತಿಯ ಸಣ್ಣ ಹಕ್ಕಿಗಳ ಮೇವಿನ ತಂಡದಲ್ಲಿ ಸೇರಿ ಮರದಿಂದ ಮರಕ್ಕೆ ಸಾಗುತ್ತವೆ. ಬೆನ್ನು ಹತ್ತಬೇಡಿ, ಅವು ಹೋಗುವ ದಿಕ್ಕಿನಲ್ಲಿ ಮುಂದೆ ಹೋಗಿ ನಿಲ್ಲಿ. ಆಕಾಶ ಹಿಂದೆ ಇರಲೇಬೇಕಾದರೆ ಪ್ಲಸ್ 1ಕ್ಕೆ ಏರಿಸಿ. ಕೆಂಪು ಹಕ್ಕಿಗೆ ಏರಿಸಿ ಎಂದು ನಾನು ಹೇಳುವುದು ಹಿಮಕ್ಕೂ ಇಂಥ ಬಿಳಿ ಆಕಾಶಕ್ಕೂ ಮಾತ್ರ.

ಗಂಡು ಕಪ್ಪು ಮತ್ತು ಬೆಂಕಿಗೆಂಪು, ಹೆಣ್ಣು ಬೂದು ಮತ್ತು ಹಳದಿ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಪ್ರಯತ್ನಿಸಿ, ತೊಂದರೆ ತೆಗೆದುಕೊಳ್ಳಲು ಯೋಗ್ಯವಾದ ಚಿತ್ರ. ನಮ್ಮ ಘಟ್ಟದ ಈ ಹಕ್ಕಿಯನ್ನು ಮೊದಲು ಸ್ಕಾರ್ಲೆಟ್ ಮಿನಿವೆಟ್ ಎನ್ನುತ್ತಿದ್ದರು, ಈಗ ಆರೆಂಜ್ ಮಿನಿವೆಟ್ ಎಂದು ಬೇರೆ ಮಾಡಿದ್ದಾರೆ. ಚಿತ್ರದ ಕೆಳಗೆ ಹಾಗೇ ಬರೆದು ಕಳಿಸಿ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ವಾಳ್ಪೈ ಹತ್ತಿರ ಮಾವನ ಮನೆಯಲ್ಲಿ ದಾಸವಾಳಕ್ಕೆ ಪುಟ್ಟ ಹಕ್ಕಿ ಬಂತು. ಬೆನ್ನು ಕಡುಗೆಂಪು, ಹೊಟ್ಟೆ ಹಳದಿ, ಕೊಕ್ಕು ಬಾಗಿತ್ತು. ನನ್ನ ಹತ್ತಿರ ಅಪ್ಪನ ಹಳೆಯ ಮೊಬೈಲ್ ಮಾತ್ರ ಇದೆ, ಫೋಟೊದಲ್ಲಿ ಚುಕ್ಕಿ ಬಂದಿದೆ. ಏನು ಮಾಡಲಿ?
— ವಿದ್ಯಾರ್ಥಿನಿ, ವಾಸ್ಕೊ

ಉತ್ತರ: ನೀನು ಬರೆದ ಒಂದು ಸಾಲಿನಲ್ಲೇ ಹಕ್ಕಿ ಗುರುತಾಗಿದೆ ಮಗಳೇ, ಫೋಟೊ ಬೇಕಾಗಲಿಲ್ಲ. ಬೆನ್ನು ಕಡುಗೆಂಪು, ಹೊಟ್ಟೆ ಹಳದಿ, ತೀರ ಪುಟ್ಟದು, ಕಾಡಿನ ಪಕ್ಕದ ಊರು ಎಂದರೆ ಅದು ಕ್ರಿಮ್ಸನ್-ಬ್ಯಾಕ್ಡ್ ಸನ್‌ಬರ್ಡ್ ಎಂಬ ಸೂರಕ್ಕಿಯ ಗಂಡು. ಅದೂ ಪಶ್ಚಿಮ ಘಟ್ಟದ್ದೇ ಹಕ್ಕಿ.

ಮೊಬೈಲಿನ ಜೂಮ್ ಎಳೆಯಬೇಡ. ದಾಸವಾಳದ ಗಿಡದ ಪಕ್ಕ ಪುಸ್ತಕಗಳನ್ನು ಪೇರಿಸಿ ಮೊಬೈಲನ್ನು ಒರಗಿಸಿ ಇಡು, ವಿಡಿಯೊ ಹಚ್ಚಿ ನೀನು ಒಳಗೆ ಹೋಗು. ಹಕ್ಕಿ ತಾನೇ ಹತ್ತಿರ ಬರುತ್ತದೆ. ಒಂದು ಬರೆಯುವ ಪುಸ್ತಕ ಮಾಡು. ಯಾವ ಹೂವಿಗೆ ಬಂತು, ಎಷ್ಟು ಹೊತ್ತಿಗೆ ಬಂತು, ಹೂವಿನ ಬಾಯಿಂದ ಕುಡಿಯಿತೋ ಬುಡಕ್ಕೆ ತೂತು ಮಾಡಿ ಕುಡಿಯಿತೋ, ಹೆಣ್ಣು ಜತೆಗಿತ್ತೋ, ಬರೆದುಕೋ. ಬಣ್ಣದ ಪೆನ್ಸಿಲಿನಿಂದ ಚಿತ್ರವನ್ನೂ ಬಿಡಿಸು. ಕೆಂಪು ಹಚ್ಚುವಾಗ ಮೊದಲು ತೆಳ್ಳಗೆ ಹಳದಿ ಹಚ್ಚಿ ಅದರ ಮೇಲೆ ಕೆಂಪು ಹಚ್ಚು, ನೆರಳಿರುವ ಕಡೆ ಒಂದೆರಡು ಗೀರು ನೀಲಿ ಹಾಕು. ಕಪ್ಪು ಹಾಕಬೇಡ.

ಚಿತ್ರ ಮುಗಿದ ಮೇಲೆ ಪುಸ್ತಕದ ಆ ಪುಟವನ್ನು ಮಡಿಸದೆ, ಎರಡು ರಟ್ಟಿನ ನಡುವೆ ಇಟ್ಟು ಪತ್ರಿಕೆಯ ವಿಳಾಸಕ್ಕೆ ಕಳಿಸು. ತಿಂಗಳ ಹತ್ತನೇ ತಾರೀಖಿನೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಪ್ರೂಫ್ ನಾನೇ ನೋಡುತ್ತೇನೆ.